ಮಧ್ಯಾಹ್ನ ಒಂದೂವರೆಯ ಕಣ್ಣು

ಹತ್ತು ಗುಂಟೆ ಹೊಲದಲ್ಲಿ ಕಬ್ಬಿನ ರವದಿಗೆ (ಒಣಗಿದ ಸೋಗೆಗೆ) ಬೆಂಕಿ ಹಚ್ಚಿದರೆ, ನೆಲದಿಂದ ಸುಮಾರು 700 ಕಿಲೋಮೀಟರ್ ಮೇಲೆ ಸಾಗುತ್ತಿರುವ ಉಪಗ್ರಹಕ್ಕೆ ಅದು ಗೊತ್ತಾಗುತ್ತದೆ. ಆಕಾಶ ತಿಳಿಯಾಗಿದ್ದು ಉರಿ ಜೋರಾಗಿದ್ದರೆ ಒಂದೇ ಗುಂಟೆ ಸಾಕು. ನಾಸಾದ ಟೆರ್ರಾ ಮತ್ತು ಅಕ್ವಾ ಉಪಗ್ರಹಗಳಲ್ಲಿರುವ ಮೋಡಿಸ್ ಎಂಬ ಉಪಕರಣದ ಕಸುವು ಇದು. ಟೆರ್ರಾ ಮೇಲೇರಿದ್ದು 1999ರ ಡಿಸೆಂಬರ್‌ನಲ್ಲಿ, ಅಕ್ವಾ 2002ರ ಮೇ ತಿಂಗಳಲ್ಲಿ. ಇವುಗಳ ನಂತರ ಬಂದ ವಿಯರ್ಸ್ ಉಪಕರಣದ ನೋಟ ಇನ್ನೂ ಚುರುಕು. ಹೀಗಿರುವಾಗ ಮಲಪ್ರಭೆ, ಘಟಪ್ರಭೆ, ಕೃಷ್ಣೆಯ ದಂಡೆಗುಂಟ ಕಬ್ಬು ಕಡಿದ ಮೇಲೆ ಏಳುವ ಒಂದೊಂದು ಬೆಂಕಿಯೂ ಲೆಕ್ಕಕ್ಕೆ ಸಿಗಬೇಕು. ಆದರೆ ಬಹಳಷ್ಟು ಸಿಗುವುದಿಲ್ಲ. ಇತ್ತ ಎರಡು ಸಾವಿರ ಕಿಲೋಮೀಟರ್ ಆಚೆಯ ಅರೇಬಿಯಾದ ಧೂಳು ಸಮುದ್ರ ದಾಟಿ ಬರುವುದನ್ನು ಅದೇ ಕಣ್ಣುಗಳು ದಿನದಿನವೂ ಬಿಡದೆ ಹಿಂಬಾಲಿಸುತ್ತವೆ. ದೂರದ್ದು ಕಂಡು ಹತ್ತಿರದ್ದು ಕಾಣದೇ ಹೋಗುವ ಈ ಸಂಗತಿಯನ್ನು ಬಾಗಲಕೋಟೆ ಜಿಲ್ಲೆಯವರು ಚೆನ್ನಾಗಿ ಅರಿತಿರಬೇಕು. ಬೇಸಿಗೆ ಮಧ್ಯಾಹ್ನ ಬಾದಾಮಿಯ ಗುಡ್ಡ ಹತ್ತಿ ನಿಂತಾಗ ಅಗಸ್ತ್ಯತೀರ್ಥದ ಆಚೆಗಿನ ಬಯಲು ಮಬ್ಬಾಗಿ ಕಂಡರೆ, ಆ ಮಬ್ಬಿನಲ್ಲಿ ನಮ್ಮ ಪಾಲೆಷ್ಟು, ಹೊರಗಿನಿಂದ ಬಂದದ್ದೆಷ್ಟು ಎಂಬುದು ಇದನ್ನು ಅರಿಯದೆ ತಿಳಿಯುವುದಿಲ್ಲ.

ಉಪಗ್ರಹ ಬೆಂಕಿಯನ್ನು ಗುರುತಿಸುವುದು ಹೊಗೆಯಿಂದಲ್ಲ, ಶಾಖದಿಂದ. ಬಿಸಿಯಾದ ಪ್ರತಿಯೊಂದು ವಸ್ತುವೂ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೊರಸೂಸುತ್ತದೆ. ಏಪ್ರಿಲ್ ಬಿಸಿಲಿಗೆ ಕಾದ ಎರೆಹೊಲದ ಕಿರಣಗಳಲ್ಲಿ ಹೆಚ್ಚಿನ ಪಾಲು 10 ಮೈಕ್ರಾನ್ ಅಲೆಯುದ್ದದ ಆಸುಪಾಸಿನಲ್ಲಿರುತ್ತದೆ. ಧಗಧಗ ಉರಿಯುವ ರವದಿಯದು 3ರಿಂದ 4 ಮೈಕ್ರಾನ್‌ಗೆ ಇಳಿಯುತ್ತದೆ. ನೆಲದ ಒಂದು ಚೌಕದಲ್ಲಿ 4 ಮೈಕ್ರಾನ್ ಕಿರಣ ಒಮ್ಮೆಲೇ ಏರಿ, 11 ಮೈಕ್ರಾನ್ ಕಿರಣ ಹೆಚ್ಚುಕಡಿಮೆ ಮೊದಲಿನಷ್ಟೇ ಇದ್ದರೆ, ಆ ಚೌಕದ ಯಾವುದೋ ಮೂಲೆಯಲ್ಲಿ ಬೆಂಕಿ ಇದೆ ಎಂದೇ ಅರ್ಥ. ಚೌಕವೆಲ್ಲ ಉರಿಯಬೇಕಿಲ್ಲ, ಸಾವಿರದಲ್ಲಿ ಒಂದು ಭಾಗ ಉರಿದರೂ ಸಾಕು. ಬಿಸಿಲಿಗೆ ಕಾದ ಬರಿ ಬಂಡೆಯನ್ನು ಬೆಂಕಿ ಎಂದು ಭ್ರಮಿಸದಿರಲು ಗಣಕವು ಅಕ್ಕಪಕ್ಕದ ಚೌಕಗಳೊಂದಿಗೆ ಹೋಲಿಸಿ ನೋಡುತ್ತದೆ. ಉಕ್ಕಿನ ಕುಲುಮೆ, ಸಿಮೆಂಟ್ ಗೂಡುಗಳಂತೆ ವರ್ಷವಿಡೀ ಒಂದೇ ಜಾಗದಲ್ಲಿ ಕಾಣುವ ಶಾಖವನ್ನು ಬೇರೆ ಪಟ್ಟಿಗೆ ಸೇರಿಸುತ್ತಾರೆ.

ಹೀಗೆ ಸಿಕ್ಕ ಬೆಂಕಿಗಳನ್ನು ನಾಸಾ ಕೆಲವೇ ಗಂಟೆಗಳಲ್ಲಿ ನಕ್ಷೆಯ ಮೇಲೆ ಕೆಂಪು ಚುಕ್ಕೆಯಾಗಿ ಇಡುತ್ತದೆ. ಯಾರು ಬೇಕಾದರೂ ಮೊಬೈಲಿನಲ್ಲೇ ಪುಕ್ಕಟೆ ನೋಡಬಹುದು. ಆದರೆ ಚುಕ್ಕೆಯನ್ನು ಓದುವುದರಲ್ಲಿ ಎಚ್ಚರ ಬೇಕು. ವಿಯರ್ಸ್‌ನ ಒಂದು ಚೌಕ 375 ಮೀಟರ್ ಉದ್ದ, ಅಷ್ಟೇ ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು 35 ಎಕರೆ. ಬೆಂಕಿ ಆ 35 ಎಕರೆಯ ಯಾವ ಮೂಲೆಯಲ್ಲೇ ಇರಲಿ, ಚುಕ್ಕೆ ಬೀಳುವುದು ಚೌಕದ ನಡುಮಧ್ಯಕ್ಕೆ. ನಮ್ಮ ಕಡೆಯ ಹಿಡುವಳಿಗಳ ಅಳತೆಯಲ್ಲಿ 35 ಎಕರೆಯೆಂದರೆ ಹತ್ತಾರು ಮಂದಿಯ ಪಹಣಿ. ಸುಟ್ಟವನ ಹೊಲ ಒಂದಾದರೆ ಚುಕ್ಕೆ ಕೂತ ಹೊಲ ಇನ್ನೊಬ್ಬನದಾಗಿರಬಹುದು. ಪಂಜಾಬ್‌, ಹರಿಯಾಣದಲ್ಲಿ ಭತ್ತದ ಕೂಳೆ ಸುಟ್ಟವರಿಗೆ ದಂಡ ಹಾಕಲು ಉಪಗ್ರಹದ ಮಾಹಿತಿಯಿಂದಲೇ ಹುಡುಕಾಟ ಶುರುವಾಗುತ್ತದೆ. ಆ ಪದ್ಧತಿ ನಮ್ಮಲ್ಲಿಗೂ ಬರುವ ದಿನ ಬಂದರೆ, ತಲಾಠಿ ಹೊಲಕ್ಕೆ ಹೋಗಿ ಬೂದಿ ಮುಟ್ಟಿ ನೋಡದೆ ಯಾರ ಹೆಸರಿಗೂ ನೋಟಿಸ್ ಬರೆಯಬಾರದು.

ಚುಕ್ಕೆಯ ಜಾಗಕ್ಕಿಂತ ದೊಡ್ಡ ತೊಡಕು ಹೊತ್ತಿನದು. ವಿಯರ್ಸ್ ಹೊತ್ತ ಸುವೋಮಿ ಎನ್‌ಪಿಪಿ, ನೋವಾ-20 ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತುವಂಥವು. ಒಂದೂರಿನ ನೆತ್ತಿಯ ಮೇಲೆ ಅವು ಹಾಯುವುದು ಮಧ್ಯಾಹ್ನ ಒಂದೂವರೆಯ ಆಸುಪಾಸಿಗೆ, ಮತ್ತೆ ನಡುರಾತ್ರಿ ಒಂದೂವರೆಗೆ. ನಡುವಿನ ಹನ್ನೆರಡು ತಾಸು ಆ ಕಣ್ಣುಗಳು ಬೇರೆ ದೇಶಗಳ ಮೇಲಿರುತ್ತವೆ. 2024ರ ಸುಗ್ಗಿಯಲ್ಲಿ ಪಂಜಾಬಿನ ಬೆಂಕಿಗಳ ಎಣಿಕೆ ಗಣನೀಯವಾಗಿ ಇಳಿದಾಗ ಸರ್ಕಾರಿ ವಲಯದಲ್ಲಿ ಸಮಾಧಾನವಿತ್ತು. ಆಗ ನಾಸಾದ ವಿಜ್ಞಾನಿ ಹಿರೇನ್ ಜೆತ್ವಾ ದಕ್ಷಿಣ ಕೊರಿಯಾದ ಭೂಸ್ಥಿರ ಉಪಗ್ರಹದ ಚಿತ್ರಗಳನ್ನು ಮುಂದಿಟ್ಟರು. ಒಂದೂವರೆಯ ಉಪಗ್ರಹ ಹಾದುಹೋದ ಮೇಲೆ, ಸಂಜೆ ನಾಲ್ಕು ಗಂಟೆ ಕಳೆದ ಚಿತ್ರದಲ್ಲಿ ಹೊಗೆ ದಟ್ಟವಾಗಿತ್ತು. ಬೆಂಕಿ ನಿಂತಿರಲಿಲ್ಲ, ಅದರ ಹೊತ್ತು ಬದಲಾಗಿತ್ತು ಎಂಬುದು ಅವರ ಅನುಮಾನ.

ನಮ್ಮ ಕಡೆ ರವದಿ ಸುಡುವುದು ಯಾವಾಗ ಎಂದು ಯಾರನ್ನೂ ಕೇಳಬೇಕಿಲ್ಲ. ಕಬ್ಬು ತುಂಬಿದ ಕೊನೆಯ ಟ್ರೇಲರ್ ಹೊಲ ಬಿಟ್ಟ ಮೇಲೆ, ಬಿಸಿಲು ಇಳಿದು ಗಾಳಿ ತಣ್ಣಗಾಗುವ ಹೊತ್ತಿಗೆ. ಮೊದಲು ಬದುವಿನ ಗುಂಟ ನಾಲ್ಕು ಮಾರು ರವದಿ ಒಳಕ್ಕೆ ಎಳೆದು ದಾರಿ ಬಿಡಿಸುತ್ತಾರೆ. ಪಕ್ಕದ ಹೊಲದಲ್ಲಿ ನಿಂತ ಬೆಳೆ ಇದ್ದರೆ ಆ ಕಡೆ ನೀರು ಹಾಯಿಸಿರುತ್ತಾರೆ. ಗಾಳಿಗೆ ಎದುರಾಗಿ ಕಡ್ಡಿ ಗೀರುತ್ತಾರೆ. ಚಟಚಟ ಸದ್ದು ಹೊಲದ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹರಿಯಲು ಅರ್ಧ ತಾಸೂ ಬೇಡ. ಕರಿ ಎಸಳುಗಳು ಹಾರಿ ಹೋಗಿ ಊರೊಳಗೆ ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚದ ನೀರಿನ ಕೊಡದೊಳಗೆ ಬೀಳುತ್ತವೆ. ಇದು ಉಪಗ್ರಹದ ಕಣ್ಣು ತಪ್ಪಿಸುವ ಹಂಚಿಕೆಯಲ್ಲ. ಹಗಲಿನ ಸುಳಿಗಾಳಿಗೆ ಬೆಂಕಿ ಕೈಮೀರುತ್ತದೆ ಎಂಬ ಹಳೆಯ ವಿವೇಕ. ಸುಟ್ಟ ಮರುದಿನವೇ ಕೂಳೆಗೆ ನೀರು ಬಿಡುವ ಅವಸರವೂ ಇರುತ್ತದೆ.

ಆ ಹೊತ್ತಿಗೆ ಮೇಲಿನ ಗಾಳಿಯಲ್ಲಿ ಇನ್ನೊಂದು ಬದಲಾವಣೆ ಆಗುತ್ತದೆ. ಹಗಲು ನೆಲ ಕಾದು ಬಿಸಿಗಾಳಿ ಮೇಲೇಳುವುದರಿಂದ ಹೊಗೆ ಒಂದೆರಡು ಕಿಲೋಮೀಟರ್ ಎತ್ತರದವರೆಗೆ ಹರಡಿ ತೆಳುವಾಗುತ್ತದೆ. ಸೂರ್ಯ ಇಳಿದ ಮೇಲೆ ನೆಲ ಬೇಗ ತಣಿಯುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗುತ್ತದೆ, ಅದರ ಮೇಲೆ ಬೆಚ್ಚನೆಯ ಪದರ ನಿಲ್ಲುತ್ತದೆ. ಡಿಸೆಂಬರ್, ಜನವರಿಯ ತಿಳಿ ಇರುಳುಗಳಲ್ಲಿ ಈ ತಣ್ಣನೆಯ ಪದರ ನೂರಿನ್ನೂರು ಮೀಟರ್ ಮಾತ್ರ ದಪ್ಪವಿರುತ್ತದೆ. ಸಂಜೆಯ ಹೊಗೆಯೆಲ್ಲ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಬೆಳಗಿನ ಜಾವ ಊರಿನ ಮೇಲೆ ನಿಂತ ನೀಲಿ ಗೆರೆ ನಾವು ಎಷ್ಟೋ ಸಲ ಮಂಜು ಎಂದುಕೊಳ್ಳುವಂಥದ್ದು. ಉಪಗ್ರಹ ನೋಡದ ಹೊತ್ತೂ, ಹೊಗೆ ಜನರ ಮೂಗಿನ ಮಟ್ಟಕ್ಕೆ ಇಳಿಯುವ ಹೊತ್ತೂ ಒಂದೇ ಆಗಿರುವುದು ನನ್ನನ್ನು ಕಾಡುವ ವಿಷಯ. ಉಬ್ಬಸವಿರುವ ಮುದುಕಿ, ತೊಟ್ಟಿಲ ಕೂಸು ಉಸಿರಾಡುವುದು ಆ ಪದರದಲ್ಲೇ. ನಡುರಾತ್ರಿ ಉಪಗ್ರಹ ಬರುವಾಗ ಬೆಂಕಿ ಆರಿರುತ್ತದೆ, ಮರುದಿನ ಮಧ್ಯಾಹ್ನ ಒಂದೂವರೆಗೆ ಬರುವಾಗ ಬೂದಿ ತಣಿದು ಹೊಗೆ ಚದುರಿರುತ್ತದೆ. ನಕ್ಷೆಯಲ್ಲಿ ನಮ್ಮ ತಾಲ್ಲೂಕು ಸ್ವಚ್ಛವಾಗಿ ಕಾಣುತ್ತದೆ.

ರೈತನನ್ನು ಬೈದು ಮುಗಿಸುವ ಮಾತಲ್ಲ ಇದು. ಯಾಕೆ ಸುಡುತ್ತೀರಿ ಎಂದು ಕೇಳಿದರೆ, "ಸುಡದ ಏನ್ ಮಾಡೂದ್ರೀ? ರವದಿ ಬಿಟ್ರ ಸಾಲಿನಾಗ ನೀರ ಹರಿಯಂಗಿಲ್ಲ, ಇಲಿ-ಹಾವಿನ ಕಾಟ ಬ್ಯಾರೆ" ಎಂಬ ಉತ್ತರ ಬರುತ್ತದೆ. ಅದರಲ್ಲಿ ಸುಳ್ಳಿಲ್ಲ. ಎಕರೆಗೆ ಮೂರು–ನಾಲ್ಕು ಟನ್ ಬೀಳುವ ರವದಿಯನ್ನು ಕೈಯಿಂದ ಸರಿಸುವುದು ಸಾಮಾನ್ಯ ಕೆಲಸವಲ್ಲ, ಆಳು ಸಿಗುವುದೂ ಇಲ್ಲ. ಪುಡಿ ಮಾಡಿ ಸಾಲಿನಲ್ಲಿ ಹರಡುವ ಯಂತ್ರಗಳಿವೆ. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಅವು ಕಬ್ಬು ಕಡಿಯುವ ತಿಂಗಳುಗಳಲ್ಲಿ, ಬೇಕಾದ ವಾರ, ಕೈಗೆಟಕುವ ಬಾಡಿಗೆಗೆ ಸಿಗಬೇಕು. ಹಾಗೆ ಹೊದಿಸಿದ ರವದಿ ತೇವ ಹಿಡಿದು, ಕಳೆ ಅಡಗಿಸಿ, ಕೊಳೆತು ಮಣ್ಣಿಗೆ ಸಾರ ಕೊಡುತ್ತದೆ. ವರ್ಷಕ್ಕೆ ಐನೂರು–ಆರುನೂರು ಮಿಲಿಮೀಟರ್ ಮಳೆಯ ಈ ಸೀಮೆಯಲ್ಲಿ ಆ ತೇವಕ್ಕೆ ಬೆಲೆ ಕಟ್ಟಲಾಗದು.

ಇನ್ನು ಹೊರಗಿನಿಂದ ಬರುವ ಧೂಳಿನ ಮಾತು. 2015ರ ಏಪ್ರಿಲ್ ಆರಂಭದಲ್ಲಿ ಅರೇಬಿಯಾದಲ್ಲಿ ಎದ್ದ ದೊಡ್ಡ ಧೂಳುಬಿರುಗಾಳಿ ಅರಬ್ಬಿ ಸಮುದ್ರ ದಾಟಿ ಮುಂಬೈ, ಪುಣೆಯ ಆಕಾಶವನ್ನು ಮಬ್ಬಾಗಿಸಿತು. 2022ರ ಜನವರಿ 22–23ರಂದು ಕರಾಚಿ ಕಡೆಯಿಂದ ಹೊರಟ ಧೂಳು ಗುಜರಾತ್ ಮಾರ್ಗವಾಗಿ ಮುಂಬೈಗೆ ಬಂತು. ನಿಲ್ಲಿಸಿದ ವಾಹನಗಳ ಮೇಲೆ ಬಿಳಿಪುಡಿ ಕೂತಿತ್ತು, ಹಗಲಿನ ಉಷ್ಣಾಂಶ ಇಳಿದಿತ್ತು. ಉಪಗ್ರಹದ ಚಿತ್ರಗಳಲ್ಲಿ ಆ ಧೂಳು ನೀಲಿ ಸಮುದ್ರದ ಮೇಲೆ ಮಣ್ಣುಬಣ್ಣದ ನಾಲಿಗೆಯಾಗಿ ಸ್ಪಷ್ಟವಾಗಿ ಕಂಡಿತು. ಮುಂಗಾರಿನ ತಿಂಗಳುಗಳಲ್ಲಂತೂ ಇದು ನಿತ್ಯದ ಸಂಚಾರ. ಅರೇಬಿಯಾ, ಇರಾನ್, ಆಫ್ರಿಕಾದ ಕೊಂಬಿನ ಕಡೆಯ ಮರುಭೂಮಿಗಳ ಹುಡಿಯನ್ನು ಪಡುವಣ ಗಾಳಿ ಅರಬ್ಬಿ ಸಮುದ್ರದ ಮೇಲೆ ಹೊತ್ತು ತರುತ್ತದೆ.

ಈ ಧೂಳಿಗೂ ನಮ್ಮ ದೇಶದ ಮಳೆಗೂ ನಂಟಿದೆ ಎಂದು ವಿ. ವಿನೋಜ್ ಮತ್ತು ಸಂಗಡಿಗರು 2014ರಲ್ಲಿ ನೇಚರ್ ಜಿಯೋಸೈನ್ಸ್ ಪತ್ರಿಕೆಯಲ್ಲಿ ತೋರಿಸಿದರು. ಸಮುದ್ರದ ಮೇಲೆ ತೇಲುವ ಧೂಳು ಬಿಸಿಲನ್ನು ಹೀರಿ ಸುತ್ತಲ ಗಾಳಿಯನ್ನು ಕಾಯಿಸುತ್ತದೆ. ಅದರಿಂದ ತೇವ ಹೊತ್ತ ಗಾಳಿ ಭಾರತದ ಕಡೆಗೆ ಇನ್ನಷ್ಟು ಬಿರುಸಾಗಿ ನುಗ್ಗುತ್ತದೆ. ಧೂಳು ಹೆಚ್ಚಾದ ಒಂದು ವಾರದೊಳಗೆ ಮಧ್ಯ ಭಾರತದ ಮಳೆಯಲ್ಲಿ ಏರಿಕೆ ಕಾಣುತ್ತದೆ. ಮುಗಿಲು ನೋಡಿ ಕೂರುವ ಹುನಗುಂದದ ರೈತನಿಗೆ ಇದರಿಂದ ತಕ್ಷಣದ ಲಾಭವೇನೂ ಇಲ್ಲ ನಿಜ. ಆದರೂ ಎಲ್ಲಿಯೋ ಎದ್ದ ಮರಳಿನ ಹುಡಿ ನಮ್ಮ ದೇಶದ ಮಳೆಯ ಹದ ಬದಲಿಸುತ್ತದೆ ಎಂಬುದು ಸಣ್ಣ ಅರಿವಲ್ಲ. ಉಪಗ್ರಹಗಳಿಲ್ಲದೆ ಅದು ಸಿಗುತ್ತಿರಲಿಲ್ಲ.

ಹೊಗೆ ಯಾವುದು, ಧೂಳು ಯಾವುದು ಎಂದು ಬೇರ್ಪಡಿಸುವ ವಿದ್ಯೆಯೇ ಇಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು. ಹೊಗೆಯ ಕಣ ಬಲು ಸಣ್ಣದು, ಒಂದು ಮೈಕ್ರಾನಿಗಿಂತ ಕಡಿಮೆ. ಅದು ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ಚಿತ್ರದಲ್ಲಿ ನೀಲಿ ಛಾಯೆಯ ಬೂದುಬಣ್ಣವಾಗಿ ಕಾಣುತ್ತದೆ. ಧೂಳಿನ ಕಣ ದೊಡ್ಡದು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸಿ ಮಣ್ಣುಬಣ್ಣ ತೋರುತ್ತದೆ. ಕಣ್ಣಂದಾಜು ಸಾಲದಾಗ ಅವಕೆಂಪಿನ ಮೊರೆ ಹೋಗುತ್ತಾರೆ. ಮರುಭೂಮಿಯ ಧೂಳಿನಲ್ಲಿರುವ ಸಿಲಿಕಾ ಮತ್ತು ಜೇಡಿಯ ಖನಿಜಗಳು 11 ಮೈಕ್ರಾನ್ ಕಿರಣವನ್ನು 12ಕ್ಕಿಂತ ಹೆಚ್ಚು ತಡೆಯುತ್ತವೆ. ಮಂಜಿನ ಹರಳುಗಳಿರುವ ಮೋಡದಲ್ಲಿ ಇದು ತಿರುವುಮುರುವು. ಎರಡು ಅಳತೆಗಳನ್ನು ಕಳೆದು ನೋಡಿದರೆ ಮೋಡ ಒಂದು ಕಡೆ, ಧೂಳು ಒಂದು ಕಡೆ ನಿಲ್ಲುತ್ತದೆ. ಇದಕ್ಕೆ ಬೇಕಾದ ಎರಡೂ ಪಟ್ಟಿಗಳು ನಮ್ಮ ಇನ್‌ಸ್ಯಾಟ್-3ಡಿಆರ್, 3ಡಿಎಸ್ ಉಪಗ್ರಹಗಳಲ್ಲಿವೆ. ಇನ್ನೊಂದು ಸಾಕ್ಷಿ ಅತಿನೇರಳೆ ಕಿರಣದ್ದು. ಓಜೋನ್ ಅಳೆಯಲೆಂದು 1978ರಲ್ಲಿ ನಿಂಬಸ್-7ರ ಮೇಲೆ ಕಳಿಸಿದ ಟಾಮ್ಸ್ ಉಪಕರಣ, ಹೊಗೆ ಮತ್ತು ಧೂಳು ಅತಿನೇರಳೆಯನ್ನು ಹೀರುವುದನ್ನೂ ದಾಖಲಿಸುತ್ತ ಹೋಗಿತ್ತು. ಆ ದಾಖಲೆಯ ಬೆಲೆ ವಿಜ್ಞಾನಿಗಳಿಗೆ ತಿಳಿದದ್ದು ವರ್ಷಗಳ ನಂತರ. ಈಗ ಅದೇ ಕೆಲಸವನ್ನು 2017ರಲ್ಲಿ ಹಾರಿದ ಯುರೋಪಿನ ಸೆಂಟಿನೆಲ್-5ಪಿ ಮುಂದುವರಿಸಿದೆ. ಜೊತೆಗೆ ಅದು ಕಾರ್ಬನ್ ಮಾನಾಕ್ಸೈಡ್ ಅನಿಲವನ್ನೂ ಅಳೆಯುತ್ತದೆ. ಎಲ್ಲಿ ಏನು ಸುಟ್ಟರೂ ಆ ಅನಿಲ ಹುಟ್ಟುತ್ತದೆ, ಮರಳು ಹಾರಿದರೆ ಹುಟ್ಟುವುದಿಲ್ಲ. ಮಬ್ಬಿನ ಜೊತೆ ಆ ಅನಿಲವೂ ಏರಿದ್ದರೆ ಹೊಗೆಯ ಗುಮಾನಿ ಗಟ್ಟಿಯಾಗುತ್ತದೆ.

ಆಮೇಲೆ ಗಾಳಿಯ ಹೆಜ್ಜೆ ಹಿಡಿಯಬೇಕು. ಚಳಿಗಾಲದಲ್ಲಿ ನಮ್ಮಲ್ಲಿ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುತ್ತದೆ. ಆಗ ಇಳಕಲ್ ಮೇಲೆ ಮಬ್ಬು ಕವಿದರೆ ಅರೇಬಿಯಾದ ಕಡೆ ಬೆರಳು ತೋರಿಸುವುದು ತಪ್ಪು. ಗಂಗಾವತಿ, ಸಿಂಧನೂರು ಕಡೆ ಸುಟ್ಟ ಭತ್ತದ ಹುಲ್ಲನ್ನು ಮೊದಲು ವಿಚಾರಿಸಬೇಕು. ಅದೇ ಗಾಳಿಗೆ ನಮ್ಮ ಮುಧೋಳ, ಜಮಖಂಡಿಯ ರವದಿ ಹೊಗೆ ಬೆಳಗಾವಿ, ಸಾಂಗ್ಲಿ ಕಡೆಯವರ ಪಾಲಾಗುತ್ತದೆ. ಜುಲೈ ತಿಂಗಳ ಬಿಳಿಚಿದ ಆಕಾಶದ ಕತೆ ಬೇರೆ. ಅದರಲ್ಲಿ ಸಮುದ್ರದಾಚೆಯ ಧೂಳೂ ಇರಬಹುದು, ಹಿಂಗಾರು ಬಿತ್ತನೆಗೆಂದು ಹರಗಿ ಬಿಟ್ಟ ಎರೆಹೊಲದಿಂದ ಎದ್ದ ನಮ್ಮದೇ ಮಣ್ಣೂ ಇರಬಹುದು.

ಇಷ್ಟೆಲ್ಲ ಕಂಡರೂ ಮೇಲಿನಿಂದ ಸುಲಭವಾಗಿ ಕಾಣದ ಒಂದು ಸಂಗತಿ ಎತ್ತರ. ಬಾವಿಯೊಳಗೆ ಇಣುಕಿದವನಿಗೆ ನೀರಿದೆ ಎಂದು ಗೊತ್ತಾಗುತ್ತದೆ, ಎಷ್ಟು ಆಳ ಎಂದು ಗೊತ್ತಾಗುವುದಿಲ್ಲ. ಅರೇಬಿಯಾದ ಧೂಳು ಬಹಳ ಸಲ ಎರಡರಿಂದ ಐದು ಕಿಲೋಮೀಟರ್ ಎತ್ತರದಲ್ಲೇ ನಮ್ಮನ್ನು ದಾಟಿಹೋಗುತ್ತದೆ. ಚಿತ್ರದಲ್ಲಿ ಬಾಗಲಕೋಟೆ ಧೂಳಿನಲ್ಲಿ ಮುಳುಗಿದಂತೆ ಕಂಡರೂ ಕೆಳಗೆ ಉಸಿರಾಡುವ ಗಾಳಿ ಚೊಕ್ಕಟವಾಗಿರಬಹುದು. ಈ ಎತ್ತರ ಅಳೆಯಲೆಂದೇ 2006ರ ಏಪ್ರಿಲ್‌ನಲ್ಲಿ ಕ್ಯಾಲಿಪ್ಸೋ ಎಂಬ ಉಪಗ್ರಹ ಏರಿತು. ಅದು ಲೇಸರ್ ಬೆಳಕನ್ನು ಕೆಳಕ್ಕೆ ಬಿಟ್ಟು, ಮರಳಿ ಬರಲು ಹಿಡಿದ ಕಾಲದಿಂದ ಪದರದ ಎತ್ತರ ಹೇಳುತ್ತಿತ್ತು. ಮರಳಿದ ಬೆಳಕಿನ ಕಂಪನದ ದಿಕ್ಕು ಬದಲಾಗಿದ್ದರೆ ಅದು ಓರೆಕೋರೆ ಮೈಯ ಧೂಳಿನ ಕಣ ಎಂದೂ ತಿಳಿಸುತ್ತಿತ್ತು. 2023ರ ಆಗಸ್ಟ್‌ನಲ್ಲಿ ಅದರ ಕೆಲಸ ಮುಗಿಯಿತು. 2024ರ ಮೇ ತಿಂಗಳಲ್ಲಿ ಹಾರಿದ ಯುರೋಪ್–ಜಪಾನ್ ಜಂಟಿ ಉಪಗ್ರಹ ಅರ್ಥ್‌ಕೇರ್ ಆ ಬಗೆಯ ಲೇಸರ್ ಅಳತೆಯನ್ನು ಮುಂದುವರಿಸಿದೆ.

ಈಗ ಇಳಕಲ್ಲಿಗೆ ಬರೋಣ. ಇಲ್ಲಿಯ ಕೆಂಪು ಗ್ರಾನೈಟ್ ದೇಶ ವಿದೇಶಗಳ ಕಟ್ಟಡಗಳಿಗೆ ಹೋಗುತ್ತದೆ. ಅದನ್ನು ಕೊರೆಯುವಾಗ, ಒಡೆಯುವಾಗ, ಉಜ್ಜುವಾಗ ಏಳುವ ಹುಡಿ ಇಲ್ಲೇ ಉಳಿಯುತ್ತದೆ. ಆ ಹುಡಿಯಲ್ಲಿರುವುದೂ ಸಿಲಿಕಾ, ಮರುಭೂಮಿಯ ಧೂಳಿನಲ್ಲಿರುವುದೂ ಸಿಲಿಕಾ, ಬಾದಾಮಿಯ ಮರಳುಗಲ್ಲಿನಲ್ಲಿರುವುದೂ ಅದೇ. ನೂರಾರು ಕಿಲೋಮೀಟರ್ ಹರಡಿದ ಸಿಲಿಕಾವನ್ನು ಸಮುದ್ರದ ಮೇಲೆ ಗುರುತಿಸಿದ ಉಪಗ್ರಹಕ್ಕೆ ಒಂದು ಕಲ್ಲುಗಣಿಯ, ಒಂದು ಕ್ರಷರಿನ ಧೂಳು ಕಾಣುವುದಿಲ್ಲ. ಅದರ ಚೌಕ ದೊಡ್ಡದು, ಈ ಧೂಳು ಚಿಕ್ಕದು, ನೆಲಕ್ಕಂಟಿದ್ದು. ಸೆಂಟಿನೆಲ್-2ರಂಥ ಉಪಗ್ರಹಗಳ 10 ಮೀಟರಿನ ಚಿತ್ರದಲ್ಲಿ ಗಣಿಯ ಹೊಂಡ ಎದ್ದು ಕಾಣುತ್ತದೆ, ಅದರೊಳಗೆ ಕೊರೆಯುವವನ ಉಸಿರು ಕಾಣುವುದಿಲ್ಲ. ಹೊಸದಾಗಿ ಒಡೆದ ಸಿಲಿಕಾದ, ನಾಲ್ಕು ಮೈಕ್ರಾನಿಗಿಂತ ಸಣ್ಣ ಕಣ ಶ್ವಾಸಕೋಶದ ತಳ ಮುಟ್ಟಿ ಸಿಲಿಕೋಸಿಸ್ ತರುತ್ತದೆ. ಬಂದ ಮೇಲೆ ಗುಣವಾಗುವ ಕಾಯಿಲೆಯಲ್ಲ ಅದು. ಕೊರೆಯುವಾಗ ನೀರು ಬಿಡುವುದು, ಕ್ರಷರಿಗೆ ಮುಚ್ಚಿಗೆ ಹಾಕುವುದು, ಕೆಲಸಗಾರನಿಗೆ ಸರಿಯಾದ ಮಾಸ್ಕ್ ಕೊಡುವುದು, ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ತೆಗೆಸುವುದು, ಇವನ್ನೆಲ್ಲ ನೆಲದ ಮೇಲೆ ನಿಂತವರೇ ನೋಡಬೇಕು. ಕಲ್ಲುಪುಡಿ ಘಟಕಗಳಿಗೆಂದೇ 2011ರ ರಾಜ್ಯ ಕಾಯ್ದೆ ಇದೆ.

ಉಪಗ್ರಹದಿಂದ ನೇರ ಉಪಯೋಗ ಆಗುವುದು ಕಾಡ್ಗಿಚ್ಚಿನಲ್ಲಿ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟಾಗ, ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯುವ ಹಂತ ತಲುಪಿದಾಗ, ಸುಟ್ಟ ಪ್ರದೇಶದ ಅಳತೆ ಸಿಕ್ಕಿದ್ದು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಚಿತ್ರಗಳಿಂದ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 2004ರಿಂದಲೇ ಕಾಡಿನ ಬೆಂಕಿಯ ಸುಳಿವು ಕೊಡುತ್ತಿದೆ. ಹೆಸರು ನೋಂದಾಯಿಸಿದ ಯಾರಿಗಾದರೂ ಮೊಬೈಲಿಗೆ ಸಂದೇಶ ಬರುತ್ತದೆ. ಬಾದಾಮಿ ಗುಡ್ಡಗಳ ಒಣಹುಲ್ಲಿಗೆ, ಬೀಳಗಿ–ಮುಧೋಳ ಸೀಮೆಯ ಯಡಹಳ್ಳಿ ಚಿಂಕಾರ ಧಾಮದ ಕುರುಚಲಿಗೆ ಕಿಡಿ ಬಿದ್ದರೆ ಈ ಸಂದೇಶ ಸಮಯಕ್ಕೆ ಬರಬಲ್ಲದು. ಆದರೆ ಅಲ್ಲಿಯೂ ಒಂದೂವರೆಯ ತೊಡಕು ತಪ್ಪಿದ್ದಲ್ಲ.

ಈ ತೊಡಕಿಗೆ ಪರಿಹಾರ 36,000 ಕಿಲೋಮೀಟರ್ ಎತ್ತರದಲ್ಲಿ ನಮ್ಮ ನೆತ್ತಿಯ ಮೇಲೇ ನಿಂತಂತಿರುವ ಭೂಸ್ಥಿರ ಉಪಗ್ರಹ. ಇನ್‌ಸ್ಯಾಟ್-3ಡಿಆರ್, 2024ರ ಫೆಬ್ರುವರಿ 17ರಂದು ಹಾರಿದ 3ಡಿಎಸ್ ಎರಡೂ ಬೆಂಗಳೂರಿನಲ್ಲಿ ರೂಪುಗೊಂಡವು, ಹಾಸನದ ನಿಯಂತ್ರಣ ಕೇಂದ್ರದ ಕೈಯಲ್ಲಿರುವಂಥವು. ಅರ್ಧ ತಾಸಿಗೊಮ್ಮೆ ಇಡೀ ದೇಶದ ಚಿತ್ರ ಕೊಡುತ್ತವೆ, ಹಗಲು ಇರುಳೆನ್ನದೆ. ಆದರೆ ಅವುಗಳ ಶಾಖದ ಚೌಕ 4 ಕಿಲೋಮೀಟರಿನದು, ಎಂದರೆ ಸುಮಾರು ನಾಲ್ಕು ಸಾವಿರ ಎಕರೆ. ಅಷ್ಟು ದೊಡ್ಡ ಚೌಕದಲ್ಲಿ ಎರಡು ಎಕರೆ ರವದಿಯ ಬೆಂಕಿ ಕಳೆದುಹೋಗುತ್ತದೆ. ಎತ್ತರದಲ್ಲಿ ನಿಂತೇ 50 ಮೀಟರಿಗಿಂತ ಸೂಕ್ಷ್ಮವಾಗಿ ನೋಡಬಲ್ಲ ಇಸ್ರೋದ ಇಒಎಸ್-03 ಉಪಗ್ರಹ 2021ರ ಆಗಸ್ಟ್ 12ರಂದು ರಾಕೆಟ್ಟಿನ ಮೇಲಿನ ಹಂತ ಹೊತ್ತಿಕೊಳ್ಳದೆ ನಷ್ಟವಾಯಿತು. ಸಂಜೆಯ ಹೊಗೆಯನ್ನು ತೋರಿಸಬಹುದಾಗಿದ್ದ ಆ ಕಣ್ಣು ಹೋದದ್ದು ನಮ್ಮಂಥ ಜಿಲ್ಲೆಗಳಿಗೆ ಎಷ್ಟು ದೊಡ್ಡ ನಷ್ಟ ಎಂದು ಆಗ ಯಾರೂ ಬರೆದಂತಿಲ್ಲ.

ಅಂಥ ಕಣ್ಣು ಮತ್ತೆ ಏರುವವರೆಗೆ ನೆಲದ ಮೇಲಿನ ಅಳತೆಯೇ ಗತಿ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ವಯಂಚಾಲಿತ ಮಾಪನ ಕೇಂದ್ರವಿದೆ. ಅದರ ಅಂಕಿ ಯಾರಾದರೂ ನೋಡಬಹುದು. ಒಂದು ದಿನದ ಸರಾಸರಿಯಲ್ಲಿ ಘನಮೀಟರ್ ಗಾಳಿಗೆ ಪಿಎಂ 2.5 ಎಂಬ ಸಣ್ಣ ಕಣಗಳು 60 ಮೈಕ್ರೋಗ್ರಾಂ, ಪಿಎಂ 10 ಎಂಬ ದೊಡ್ಡ ಕಣಗಳು 100 ಮೈಕ್ರೋಗ್ರಾಂ ಮೀರಬಾರದು ಎಂಬುದು ದೇಶದ ಮಿತಿ. ದೊಡ್ಡ ಕಣಗಳಷ್ಟೇ ಏರಿದ್ದರೆ ಧೂಳು, ಸಣ್ಣ ಕಣಗಳೂ ಜೊತೆಯಲ್ಲಿ ಏರಿದ್ದರೆ ಹೊಗೆ ಎಂಬ ಅಂದಾಜಿಗೆ ಈ ಎರಡು ಅಂಕಿಗಳೇ ಸಾಕು. ಗಂಟೆಗಂಟೆಯ ಅಂಕಿ ನೋಡಿದರೆ ಸಂಜೆಯ ಏರಿಕೆಯೂ ಸಿಗುತ್ತದೆ. ಆದರೆ ವಿದ್ಯಾಗಿರಿಯಿಂದ ಇಳಕಲ್ ಸುಮಾರು ಐವತ್ತು ಕಿಲೋಮೀಟರ್ ದೂರ. ಅಲ್ಲಿಯ ಕಲ್ಲಿನ ಹುಡಿ ಇಲ್ಲಿಯ ಯಂತ್ರಕ್ಕೆ ತಟ್ಟುವುದಿಲ್ಲ. ಇಳಕಲ್–ಹುನಗುಂದಕ್ಕೆ ಒಂದು, ಕಬ್ಬಿನ ಸೀಮೆಗೆ ಒಂದು, ಪ್ರವಾಸಿಗರು ಬಂದುಹೋಗುವ ಬಾದಾಮಿಗೆ ಒಂದು ಇಂಥ ಕೇಂದ್ರ ಕೊಡಿ ಎಂದು ನಮ್ಮ ಶಾಸಕರು, ಜಿಲ್ಲಾಡಳಿತ ಬೆಂಗಳೂರಿನಲ್ಲಿ ಕೇಳಬೇಕು. ಬರುವ ಕಬ್ಬು ನುರಿಸುವ ಹಂಗಾಮು ಅಕ್ಟೋಬರ್–ನವೆಂಬರ್‌ಗೆ ಶುರುವಾಗುತ್ತದೆ. ಯಂತ್ರಗಳು ಆ ಮೊದಲೇ ಕೂತರೆ, ಒಂದೂವರೆಯ ಉಪಗ್ರಹ ಬಿಟ್ಟುಹೋದ ಸಂಜೆ ಆರರಿಂದ ಬೆಳಗಿನ ಎಂಟರವರೆಗಿನ ಲೆಕ್ಕ ಮೊದಲ ಸಲ ನಮ್ಮ ಕೈಗೆ ಸಿಗುತ್ತದೆ.